ಬಣ್ಣ ನಿಜಕ್ಕೂ ಹೋಗಿದೆಯೇ? ಮಂಕಾದ ಬಟ್ಟೆಗೆ ಮತ್ತೆ ಕಳೆ ತರುವ ಸಮಗ್ರ ಮಾರ್ಗದರ್ಶಿ

ಮೈಸೂರಿನಲ್ಲಿ ನಾವು ಮೊದಲಿದ್ದ ಬಾಡಿಗೆ ಮನೆಗೆ ಕಾವೇರಿ ನೀರು ಬರುತ್ತಿತ್ತು. ಆಮೇಲೆ ರಿಂಗ್ ರಸ್ತೆಯಾಚೆಯ ಬಡಾವಣೆಗೆ ಬಂದೆವು. ಇಲ್ಲಿ ಬೋರ್‌ವೆಲ್ ನೀರೇ ಗತಿ. ಬಂದು ಐದಾರು ತಿಂಗಳಿಗೆಲ್ಲ ಮನೆಯವರ ನೇವಿ ಬ್ಲೂ ಅಂಗಿಗಳು ಬೂದಿ ಮೆತ್ತಿದ ಹಾಗಾದವು. ನನ್ನ ಕಪ್ಪು ಕುರ್ತಾ ಅತ್ತ ಕಪ್ಪೂ ಅಲ್ಲ, ಇತ್ತ ಕಂದೂ ಅಲ್ಲ. ಬಟ್ಟೆಯೇ ಕಳಪೆ ಅಂತ ಅಂಗಡಿಯವರನ್ನು ಬೈದುಕೊಂಡು, ಕಪ್ಪು ಬಣ್ಣದ ಪೊಟ್ಟಣವನ್ನೂ ತಂದಿಟ್ಟಿದ್ದೆ. ಆ ವಾರ ಮದ್ದೂರಿನ ಕಡೆಯಿಂದ ಅತ್ತೆ ಬಂದರು. ಅಂಗಿಯ ಕಾಲರ್ ಹಿಡಿದು ಹೆಬ್ಬೆರಳಲ್ಲಿ ತಿಕ್ಕಿ ನೋಡಿ, "ಬಣ್ಣ ಎಲ್ ಹೋಗದೆ ಕಣವ್ವ? ಸೋಪಿನ ಮಡ್ಡಿ ಕುಂತದೆ ಅಷ್ಟೇಯ. ನಿಮ್ ಬಕೀಟ್ ನೋಡು, ಅದ್ಕೂ ಹಿಡ್ದದೆ" ಅಂದರು. ನೋಡಿದರೆ ಬಕೆಟ್ಟಿನ ಒಳಗೆ ನೀರು ನಿಲ್ಲುವ ಮಟ್ಟಕ್ಕೆ ಸರಿಯಾಗಿ ಬಿಳೀ ಪಟ್ಟೆ.

ಅವತ್ತು ಪೊಟ್ಟಣ ಒಡೆದಿದ್ದರೆ ಮಡ್ಡಿಯ ಮೇಲೆಯೇ ಬಣ್ಣ ಬಳಿದ ಹಾಗಾಗುತ್ತಿತ್ತು. ಬಣ್ಣ ಮಂಕಾಗುವುದು ಒಂದೇ ಕಾಯಿಲೆಯಲ್ಲ. ಮೇಲೆ ಪೊರೆ ಕೂತಿರಬಹುದು, ನೂಲು ಎದ್ದು ಜುಂಗಾಗಿರಬಹುದು, ಇಲ್ಲವೇ ಬಣ್ಣವೇ ಹೋಗಿರಬಹುದು. ಮೊದಲೆರಡಕ್ಕೆ ಬಣ್ಣ ಹಾಕಬೇಕಾಗಿಯೇ ಇಲ್ಲ.

ಮೊದಲು ಪತ್ತೆ ಹಚ್ಚಿ

ಮೂರು ಪರೀಕ್ಷೆಗಳಿವೆ. ಮೂರಕ್ಕೂ ಸೇರಿ ಹತ್ತು ನಿಮಿಷ ಸಾಕು.

ಒಗೆದು ಒಣಗಿಸಿದ ಬಟ್ಟೆಯನ್ನು ಸೋಪು ಹಾಕದ ಉಗುರುಬೆಚ್ಚಗಿನ ನೀರಲ್ಲಿ ಮುಳುಗಿಸಿ ಚೆನ್ನಾಗಿ ಹಿಸುಕಿ. ನೀರು ಹಾಲು ಬೆರೆಸಿದಂತೆ ಮಸುಕಾದರೆ, ಅಥವಾ ಸೋಪೇ ಹಾಕದಿದ್ದರೂ ನೊರೆ ಎದ್ದರೆ, ಹಳೆಯ ಸೋಪು ಬಟ್ಟೆಯಲ್ಲೇ ಕೂತಿದೆ.

ಒಣಗಿದ ಬಟ್ಟೆಯನ್ನು ಕಿಟಕಿಯ ಹತ್ತಿರ, ಬೆಳಕು ಓರೆಯಾಗಿ ಬೀಳುವಂತೆ ಹಿಡಿದು ಕಣ್ಣಿನ ಮಟ್ಟದಲ್ಲಿ ನೋಡಿ. ಪೀಚ್ ಹಣ್ಣಿನ ಸಿಪ್ಪೆಯ ಮೇಲಿರುವಂಥ ಸಣ್ಣ ಕೂದಲು ಕಂಡರೆ ಅದು ಜುಂಗು. ಆ ಎಳೆಗಳು ಬೆಳಕನ್ನು ದಿಕ್ಕಾಪಾಲು ಚದುರಿಸುವುದರಿಂದ ಕಪ್ಪು ಬಟ್ಟೆ ಬೂದು ಬಣ್ಣಕ್ಕೆ ತಿರುಗಿದ ಹಾಗೆ ಕಾಣುತ್ತದೆ.

ಕೊನೆಯದು ಹೊಲಿಗೆ. ಬಟ್ಟೆಯನ್ನು ಒಳಮಗ್ಗುಲು ತಿರುಗಿಸಿ ಅಂಚಿನ ಮಡಿಕೆ ಬಿಡಿಸಿ ನೋಡಿ. ಬೆಳಕೇ ಕಾಣದ ಆ ಜಾಗ ಗಾಢವಾಗಿದ್ದು, ಹೊರಗಿನ ಹೆಗಲು ಪೇಲವವಾಗಿದ್ದರೆ, ಮತ್ತು ಮೊದಲೆರಡು ಪರೀಕ್ಷೆಯಲ್ಲಿ ಏನೂ ಸಿಗದಿದ್ದರೆ, ಬಣ್ಣ ನಿಜವಾಗಿಯೂ ಹೋಗಿದೆ. ಕಪ್ಪು ಬಟ್ಟೆಯಲ್ಲಿ ಕಿತ್ತಳೆ ಅಥವಾ ತುಕ್ಕಿನ ಬಣ್ಣದ ಚುಕ್ಕೆಗಳಿದ್ದರೆ ಮಾತ್ರ ಕಥೆ ಬೇರೆ. ಅದು ಬಚ್ಚಲು ತೊಳೆಯುವಾಗ ಸಿಡಿದ ಬ್ಲೀಚ್. ಅದಕ್ಕೆ ಒಗೆತದಲ್ಲಿ ಮದ್ದಿಲ್ಲ, ಬಣ್ಣವೇ ಹಾಕಬೇಕು.

ಪೊರೆ ತೆಗೆಯುವುದು

ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿರುತ್ತವೆ. ಬಾರ್ ಸೋಪು ಇವುಗಳ ಜೊತೆ ಸೇರಿ ನೀರಲ್ಲಿ ಕರಗದ ಮಡ್ಡಿಯಾಗುತ್ತದೆ. ಅತ್ತೆ ಹೇಳಿದ್ದು ಇದನ್ನೇ. ಡಿಟರ್ಜೆಂಟ್ ಪುಡಿಯಲ್ಲಿ ಈ ಮಡ್ಡಿ ಕಡಿಮೆ. ಆದರೆ ನೊರೆ ಬರಲಿಲ್ಲವೆಂದು ನಾವು ಇನ್ನೊಂದು ಹಿಡಿ ಸುರಿಯುತ್ತೇವಲ್ಲ, ಆ ಹೆಚ್ಚುವರಿ ಪುಡಿ ಪೂರ್ತಿ ಜಾಲಿಸಿ ಹೋಗದೆ ನೂಲಿಗೆ ಅಂಟಿಕೊಳ್ಳುತ್ತದೆ. ಘಮಘಮ ಅನ್ನುವ ಫ್ಯಾಬ್ರಿಕ್ ಕಂಡೀಷನರ್ ಕೂಡ ಒಂದು ಪೊರೆಯೇ. ಬಟ್ಟೆ ಮೆತ್ತಗಿರುತ್ತದೆ, ನಿಜ. ಗಾಢ ಬಣ್ಣಕ್ಕೆ ನಾನಂತೂ ಬಿಟ್ಟುಬಿಟ್ಟಿದ್ದೇನೆ.

ಹತ್ತಿ ಮತ್ತು ಮಿಶ್ರ ನೂಲಿನ ಬಟ್ಟೆಗೆ ಹೀಗೆ ಮಾಡಿ. 5 ಲೀಟರ್ ಬೆಚ್ಚಗಿನ ನೀರಿಗೆ 100 ಮಿಲಿಲೀಟರ್ ಬಿಳಿ ವಿನೆಗರ್ ಹಾಕಿ. ಅಡುಗೆಗೆ ತರುವ ಮಾಮೂಲಿ ಬಾಟಲಿಯದೇ ಸಾಕು. ವಿನೆಗರ್ ಇಲ್ಲದಿದ್ದರೆ ಒಂದು ದೊಡ್ಡ ಚಮಚ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲದ ಹರಳು) ಕರಗಿಸಿ. ಬಟ್ಟೆಯನ್ನು ಒಳಮಗ್ಗುಲು ತಿರುಗಿಸಿ ಅರ್ಧ ಗಂಟೆ ನೆನೆಸಿ, ನಡುನಡುವೆ ಹಿಸುಕಿ. ಹಿಂಡಿ ತೆಗೆದು ಎರಡು ಸಲ ಬರಿ ನೀರಲ್ಲಿ ಜಾಲಿಸಿ ನೆರಳಲ್ಲಿ ಹಾಕಿ. ಒಂದೇ ಸಲಕ್ಕೆ ಪೂರ್ತಿ ಬಿಡುವುದಿಲ್ಲ. ನಮ್ಮ ಅಂಗಿಗಳಿಗೆ ಮೂರು ವಾರ, ವಾರಕ್ಕೊಂದು ಸಲ ಬೇಕಾಯಿತು. ಮೂರನೆಯ ಸಲ ತಂತಿಯಿಂದ ತೆಗೆಯುವಾಗ ಕಾಲರ್‌ನ ಮಡಿಕೆಯಲ್ಲೂ ಬೆನ್ನಿನ ಮೇಲೂ ಒಂದೇ ನೀಲಿ ಇತ್ತು.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ವಿನೆಗರ್ ಆಗಲಿ, ನಿಂಬೆ ಉಪ್ಪಾಗಲಿ, ಬ್ಲೀಚ್ ಜೊತೆ ಯಾವತ್ತೂ ಸೇರಬಾರದು. ಸೇರಿದರೆ ವಿಷಾನಿಲವಾದ ಕ್ಲೋರಿನ್ ಏಳುತ್ತದೆ. ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ ಇದು ಆಟದ ಮಾತಲ್ಲ.

ನಿಂಬೆಹಣ್ಣಿನ ರಸ ಹಿಂಡಬಹುದೇ ಎಂದು ಅಕ್ಕಪಕ್ಕದವರು ಕೇಳುತ್ತಿರುತ್ತಾರೆ. ಗಾಢ ಬಣ್ಣಕ್ಕೆ ಬೇಡ. ರಸ ಸರಿಯಾಗಿ ಹೋಗದೆ ಬಿಸಿಲಿಗೆ ಬಿದ್ದರೆ ಆ ಜಾಗವೇ ಬಿಳುಚಿಕೊಳ್ಳುತ್ತದೆ.

ಮಳೆ ನೀರು ಹಿಡಿಯುವ ಅನುಕೂಲವಿದ್ದರೆ, ಅಥವಾ ನೆಂಟರ ಮನೆಯಲ್ಲಿ ಕಾವೇರಿ, ಕಬಿನಿ ನೀರಿದ್ದರೆ, ಕೊನೆಯ ಜಾಲಿಸುವಿಕೆಗೆ ಅದನ್ನೇ ಬಳಸಿ. ಬಣ್ಣದ ಬಟ್ಟೆಗೆ ಅದಕ್ಕಿಂತ ದೊಡ್ಡ ಉಪಚಾರವಿಲ್ಲ. ಮಂಡ್ಯದ ಹಳ್ಳಿಗಳಲ್ಲಿ ಹಿಂದೆ ನಾಲೆಗೆ ಹೋಗಿ ಒಗೆಯುತ್ತಿದ್ದುದರಲ್ಲಿ ಸುಮ್ಮನೆ ಹರಟೆಯ ಸುಖವಷ್ಟೇ ಇರಲಿಲ್ಲ. ಅತ್ತೆ ಚಿಕ್ಕವರಿದ್ದಾಗ ಮಡಿವಾಳರು ಬಟ್ಟೆಗೆ ಚೌಳು ಮಣ್ಣು ಹಚ್ಚಿ ಉಬ್ಬೆ ಹಾಕುತ್ತಿದ್ದರಂತೆ, ಅಂದರೆ ಹಬೆಯಲ್ಲಿ ಬೇಯಿಸುತ್ತಿದ್ದರಂತೆ. ಚೌಳು ಅಂದರೆ ಕ್ಷಾರ. ಬಿಳಿ ಪಂಚೆ ಅದರಲ್ಲಿ ಬೆಳ್ಳಗಾಗುತ್ತದೆ. ಆದರೆ ಬಣ್ಣದ ಬಟ್ಟೆಯನ್ನು ಹಾಗೆ ಬೇಯಿಸಿದರೆ ಬಣ್ಣವೂ ಮಣ್ಣಿನ ಜೊತೆ ಹೋಗುತ್ತದೆ.

ಜುಂಗು

ಇದರ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬಟ್ಟೆಯನ್ನು ಮೇಜಿನ ಮೇಲೆ ಬಿಗಿಯಾಗಿ ಹರಡಿ, ಬ್ಯಾಟರಿಯಿಂದ ಓಡುವ ಜುಂಗು ಕತ್ತರಿಸುವ ಯಂತ್ರವನ್ನು ಮೆಲ್ಲಗೆ ಆಡಿಸಿ. ಒತ್ತಿದರೆ ತೂತು ಬೀಳುತ್ತದೆ. ಸೆಲ್ಯುಲೇಸ್ ಎಂಬ ಕಿಣ್ವ ಇರುವ ಡಿಟರ್ಜೆಂಟುಗಳೂ ಇವೆ. ಅದು ಹತ್ತಿಯ ಎದ್ದ ಎಳೆಗಳನ್ನು ಒಗೆದ ಹಾಗೆಲ್ಲ ಸ್ವಲ್ಪ ಸ್ವಲ್ಪವಾಗಿ ಕರಗಿಸುತ್ತದೆ. ತರುವ ಮೊದಲು ಲೇಬಲ್ಲಿನಲ್ಲಿ ಹುಡುಕಿ. ಒಗೆಯುವ ಕಲ್ಲಿಗೆ ಬಡಿಯುವುದು, ಬ್ರಶ್ ಹಾಕಿ ಗಸಗಸ ತಿಕ್ಕುವುದು, ವಾಷಿಂಗ್ ಮಷೀನಿಗೆ ಕತ್ತಿನ ತನಕ ತುರುಕುವುದು, ಜುಂಗು ಎಬ್ಬಿಸುವ ದಾರಿ ಇವೇ.

ಬಣ್ಣವೇ ಹೋಗಿದ್ದರೆ: ಮನೆಯಲ್ಲಿ ಬಣ್ಣ ಹಾಕುವುದು

ಇಲ್ಲಿ ಆತುರ ಬೇಡ. ಬಟ್ಟೆ ಯಾವ ನೂಲಿನದು ಎನ್ನುವುದರ ಮೇಲೆಯೇ ಎಲ್ಲವೂ ನಿಂತಿದೆ. ಲೇಬಲ್ ಹರಿದುಹೋಗಿದ್ದರೆ ಒಳ ಅಂಚಿನಿಂದ ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ಸಿಂಕಿನ ಮೇಲೆ ಬೆಂಕಿ ತಾಗಿಸಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿಯಾದರೆ ಹತ್ತಿ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ ಅಥವಾ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್.

ಪಾಲಿಯೆಸ್ಟರ್ ಆಗಿದ್ದರೆ ಮನೆಯಲ್ಲಿ ಕೈ ಹಾಕಬೇಡಿ. ಅದಕ್ಕೆ ಬಣ್ಣ ಹತ್ತಿಸಲು ಕಾರ್ಖಾನೆಗಳಲ್ಲಿ ಒತ್ತಡದ ಪಾತ್ರೆಯಲ್ಲಿ ಸುಮಾರು 130 ಡಿಗ್ರಿ ಸೆಲ್ಸಿಯಸ್ ಕಾವು ಕೊಡುತ್ತಾರೆ. ಅಡುಗೆಮನೆಯ ಒಲೆಯಲ್ಲಿ ಅದು ಆಗುವ ಕೆಲಸವಲ್ಲ. ಅರ್ಧ ಹತ್ತಿ, ಅರ್ಧ ಪಾಲಿಯೆಸ್ಟರ್ ಇದ್ದರೆ ಹತ್ತಿಯ ಎಳೆ ಮಾತ್ರ ಬಣ್ಣ ಕುಡಿದು ಬಟ್ಟೆ ತಿಳಿಯಾಗಿಯೇ ಉಳಿಯುತ್ತದೆ. ಹಾಗಾಗಿ ಮುಂದಿನದೆಲ್ಲ ಹತ್ತಿ, ಲಿನನ್, ವಿಸ್ಕೋಸ್ (ರೇಯಾನ್) ಬಟ್ಟೆಗಳಿಗೆ.

ಬಣ್ಣ ಕೊಳ್ಳುವಾಗ ದೇವರಾಜ ಮಾರುಕಟ್ಟೆಯಲ್ಲಿ ಗೋಪುರದ ಹಾಗೆ ರಾಶಿ ಹಾಕಿಟ್ಟ ಪುಡಿಗಳಿಗೆ ಮರುಳಾಗಬೇಡಿ. ಅವು ಕುಂಕುಮ, ರಂಗೋಲಿ ಬಣ್ಣಗಳು. ನೋಡಲು ಹಬ್ಬ, ಆದರೆ ನೂಲಿಗೆ ಹಿಡಿಯುವುದಿಲ್ಲ. ಬಟ್ಟೆಗೆಂದೇ ಬರುವ ರಿಯಾಕ್ಟಿವ್ ಬಣ್ಣ ಬೇಕು. ಹೊಲಿಗೆ ಸಾಮಾನಿನ ಅಂಗಡಿಗಳಲ್ಲೂ ಕರಕುಶಲ ಸಾಮಗ್ರಿ ಮಾರುವಲ್ಲೂ ಕೇಳಿ. ತಣ್ಣೀರಿನಲ್ಲೇ ಹಿಡಿಯುವ ಬಗೆಯದನ್ನು ತನ್ನಿ. ಇದು ಹತ್ತಿಯ ನೂಲಿನ ಮೇಲೆ ಸುಮ್ಮನೆ ಕೂರುವುದಿಲ್ಲ, ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಆ ಬೆಸುಗೆಗೆ ಕ್ಷಾರ ಬೇಕು. ಬಿಸಿನೀರು, ಉಪ್ಪು ಮಾತ್ರ ಕೇಳುವ ಪೊಟ್ಟಣಗಳೂ ಸಿಗುತ್ತವೆ. ಅವುಗಳ ವಿಧಾನ ಬೇರೆ, ಒಗೆತಕ್ಕೆ ತಾಳಿಕೆಯೂ ಕಡಿಮೆ.

ಒಂದು ಅಂಗಿ ಅಥವಾ ಕುರ್ತಾ ಸುಮಾರು 250 ಗ್ರಾಂ ಅಂದುಕೊಳ್ಳಿ. ಅದಕ್ಕೆ 5 ಲೀಟರ್ ನೀರು, ಮಧ್ಯಮ ಬಣ್ಣಕ್ಕೆ 5 ಗ್ರಾಂ ಪುಡಿ, ಗಾಢಕ್ಕೆ 10 ಗ್ರಾಂ. ಕಪ್ಪಿಗೆ ಇನ್ನೂ ಹೆಚ್ಚು, 15 ಗ್ರಾಂ ಆದರೂ ಬೇಕು. ಅಡುಗೆ ಉಪ್ಪು 250 ಗ್ರಾಂ. ಸೋಡಾ ಆ್ಯಶ್, ಅಂದರೆ ನೀರಿನಂಶವಿಲ್ಲದ ವಾಷಿಂಗ್ ಸೋಡಾ ಪುಡಿ, 100 ಗ್ರಾಂ. ಹರಳು ಹರಳಾದ ವಾಷಿಂಗ್ ಸೋಡಾ ಸಿಕ್ಕರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುವುದರಿಂದ ಎರಡೂವರೆ ಪಟ್ಟಿಗೂ ಮೇಲೆ ಹಾಕಬೇಕು. ಅಡುಗೆ ಸೋಡಾ ಆಗುವುದಿಲ್ಲ, ಅದರ ಕ್ಷಾರ ಸಾಲದು. ಪೊಟ್ಟಣದ ಮೇಲೆ ಬೇರೆ ಲೆಕ್ಕವಿದ್ದರೆ ಅದನ್ನೇ ನಂಬಿ.

1. ಬಟ್ಟೆಯನ್ನು ಚೆನ್ನಾಗಿ ಒಗೆದು, ಹಿಂದೆ ಹೇಳಿದಂತೆ ಪೊರೆ ತೆಗೆದು, ವಿನೆಗರ್ ಒಂದಿಷ್ಟೂ ಉಳಿಯದಂತೆ ಜಾಲಿಸಿ. ಎಣ್ಣೆ ಕಲೆ, ಗಂಜಿ ಇದ್ದ ಕಡೆ ಬಣ್ಣ ಹಿಡಿಯುವುದಿಲ್ಲ. ಒದ್ದೆಯಾಗಿಯೇ ಇಡಿ.

2. ಮಾಸ್ಕ್, ಗ್ಲೌಸ್ ಹಾಕಿಕೊಳ್ಳಿ. ಈ ಪುಡಿ ಉಸಿರಿನಲ್ಲಿ ಹೋದರೆ ಕೆಲವರಿಗೆ ಅಲರ್ಜಿ, ಉಬ್ಬಸ ಬರುತ್ತದೆ. ಫ್ಯಾನ್ ಆರಿಸಿ. ಪುಡಿಯನ್ನು ಒಂದು ಲೋಟ ಬೆಚ್ಚಗಿನ ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಹಳೆಯ ಬಟ್ಟೆಯಲ್ಲಿ ಸೋಸಿ. ಒಂದು ಸಣ್ಣ ಗಂಟು ಉಳಿದರೂ ಕುರ್ತಾದ ಎದೆಯ ಮೇಲೆಯೇ ಬಂದು ಕೂರುತ್ತದೆ.

3. ಪ್ಲಾಸ್ಟಿಕ್ ಬಕೆಟ್ ಅಥವಾ ಸ್ಟೀಲ್ ಪಾತ್ರೆಯಲ್ಲಿ 5 ಲೀಟರ್ ನೀರು, ಉಪ್ಪು, ಬಣ್ಣ ಬೆರೆಸಿ. ಅಲ್ಯುಮಿನಿಯಂ ಬೇಡ. ಈ ಒಂದು ಕೆಲಸಕ್ಕಾದರೂ ಸಿಹಿನೀರು ಹೊಂದಿಸಿ. ಗಡಸು ನೀರಿನಲ್ಲಿ ಬಣ್ಣ ಮಂಕಾಗುತ್ತದೆ. ನೀರು 30ರಿಂದ 40 ಡಿಗ್ರಿ ಇರಲಿ. ಏಪ್ರಿಲ್‌ನಲ್ಲಿ ಟ್ಯಾಂಕಿನ ನೀರೇ ಅಷ್ಟಿರುತ್ತದೆ. ಡಿಸೆಂಬರಿನ ಮೈಸೂರಿನಲ್ಲಾದರೆ ಬಿಸಿನೀರು ಬೆರೆಸಿ.

4. ಬಟ್ಟೆಯನ್ನು ಬಿಡಿಸಿ ಮುಳುಗಿಸಿ, ಅರ್ಧ ಗಂಟೆ ಕೈ ಬಿಡದೆ ತಿರುಗಿಸುತ್ತಿರಿ. ಫೋನ್ ಬಂದರೆ ಹೋಗಬೇಡಿ. ಮಡಿಕೆಯಲ್ಲಿ ಬಿಟ್ಟರೆ ಮಡಿಕೆಯ ಗುರುತೇ ಉಳಿಯುತ್ತದೆ.

5. ಸೋಡಾವನ್ನು ಬೇರೆ ಮಗ್ಗಿನಲ್ಲಿ ಬಿಸಿನೀರಿಗೆ ಹಾಕಿ ಕರಗಿಸಿ. ಬಟ್ಟೆಯನ್ನು ಹೊರತೆಗೆದು, ಸೋಡಾ ನೀರು ಸುರಿದು ಕಲಕಿ, ಆಮೇಲೆ ಬಟ್ಟೆಯನ್ನು ವಾಪಸು ಹಾಕಿ. ನೇರ ಬಟ್ಟೆಯ ಮೇಲೆ ಸುರಿದರೆ ಅಲ್ಲಿ ಕಲೆಯಾಗುತ್ತದೆ. ಇನ್ನು ಒಂದು ಗಂಟೆ. ಮೊದಲ ಹದಿನೈದು ನಿಮಿಷ ತಿರುಗಿಸುತ್ತಲೇ ಇರಿ, ಆಮೇಲೆ ಐದು ನಿಮಿಷಕ್ಕೊಮ್ಮೆ ಸಾಕು.

6. ತಣ್ಣೀರಿನಲ್ಲಿ ಎರಡು ಮೂರು ಸಲ ಜಾಲಿಸಿ. ನಂತರ ಕೈ ಸುಡುವಷ್ಟು ಬಿಸಿನೀರಿಗೆ ಒಂದು ಚಮಚ ಡಿಟರ್ಜೆಂಟ್ ಹಾಕಿ, ಕೋಲಿನಿಂದ ಒತ್ತುತ್ತ ಹತ್ತು ನಿಮಿಷ ಬಿಡಿ. ನೀರು ಗಾಢವಾಗುತ್ತದೆ, ಗಾಬರಿ ಬೇಡ. ನೂಲಿಗೆ ಬೆಸೆಯದೆ ಉಳಿದ ಬಣ್ಣ ಅದು. ಅದನ್ನು ಇವತ್ತೇ ತೆಗೆಯದಿದ್ದರೆ ಮುಂದಿನ ವಾರ ಮಕ್ಕಳ ಬಿಳಿ ಯೂನಿಫಾರಂ ಮೇಲೆ ಸಿಗುತ್ತದೆ. ನೀರು ತಿಳಿಯಾಗುವವರೆಗೆ ಜಾಲಿಸಿ.

ಒದ್ದೆಯಲ್ಲಿ ಕಂಡ ಬಣ್ಣ ಒಣಗಿದ ಮೇಲೆ ಒಂದು ಹಂತ ತಿಳಿಯಾಗುತ್ತದೆ. ಬಕೆಟ್ಟಿನಲ್ಲಿ ಉಳಿದ ಬಣ್ಣದ ನೀರನ್ನು ನಾಳೆಗೆಂದು ಎತ್ತಿಡಬೇಡಿ. ಸೋಡಾ ಬಿದ್ದ ಮೇಲೆ ಬಣ್ಣ ನೀರಿನ ಜೊತೆಯೂ ಕೂಡಿಕೊಂಡು ಸತ್ವ ಕಳೆದುಕೊಳ್ಳುತ್ತದೆ. ಬಳಸಿದ ಪಾತ್ರೆ, ಚಮಚ ಮತ್ತೆ ಅಡುಗೆಮನೆಗೆ ಹೋಗಬಾರದು.

ನಾನು ಮೊದಲು ಬಣ್ಣ ಹಾಕಿದ್ದು ವೈನ್ ಬಣ್ಣದ ಒಂದು ಹತ್ತಿ ಕುರ್ತಾಗೆ, ನೇವಿ ಬ್ಲೂ. ಬಣ್ಣ ಸೊಗಸಾಗಿ ಬಂತು. ಒಣಗಿದ ಮೇಲೆ ನೋಡಿದರೆ ಹೊಲಿಗೆಯೆಲ್ಲ ಕೆಂಪಗೆ ಎದ್ದು ನಿಂತಿತ್ತು, ಯಾರೋ ಪೆನ್ನಿನಲ್ಲಿ ಗೆರೆ ಎಳೆದ ಹಾಗೆ. ಸಿದ್ಧ ಉಡುಪಿನ ಹೊಲಿಗೆ ದಾರ ಸಾಮಾನ್ಯವಾಗಿ ಪಾಲಿಯೆಸ್ಟರ್, ಅದು ಬಣ್ಣ ಕುಡಿದಿರಲಿಲ್ಲ. ಬೀದಿಯ ಟೈಲರ್ ಅದನ್ನು ನೋಡಿ, "ಡಿಸೈನು ಚೆನ್ನಾಗಿದೆ ಮೇಡಂ, ಎಲ್ಲಿ ಹಾಕ್ಸಿದ್ರಿ?" ಎಂದರು. ಹಾಗಾಗಿ ಮೊದಲಿದ್ದ ಬಣ್ಣವನ್ನೇ ಮತ್ತೆ ಹಾಕುವುದು ಕ್ಷೇಮ. ಕಪ್ಪಿಗೆ ಕಪ್ಪು, ನೀಲಿಗೆ ನೀಲಿ.

ಕಾಫಿ ಚರಟದ ಡಿಕಾಕ್ಷನ್ನಿನಲ್ಲಿ ಕಪ್ಪು ಬಟ್ಟೆ ನೆನೆಸುವ ಉಪಾಯವೂ ಓಡಾಡುತ್ತಿದೆ. ಒಂದೆರಡು ಒಗೆತದವರೆಗೆ ಕಂದು ಛಾಯೆ ಇರುತ್ತದೆ, ಆಮೇಲೆ ಹೋಗುತ್ತದೆ. ಡಿಕಾಕ್ಷನ್ ಕುಡಿಯುವುದೇ ವಾಸಿ.

ಇದ್ದ ಬಣ್ಣ ಉಳಿಸಿಕೊಳ್ಳುವುದು

ಬಿಸಿಲು ಬಣ್ಣಕ್ಕೆ ಏನು ಮಾಡುತ್ತದೆ ಎನ್ನುವುದಕ್ಕೆ ನಿಮ್ಮ ಮನೆಯಲ್ಲೇ ಪುರಾವೆಯಿದೆ. ಹುಳಿ ಚೆಲ್ಲಿದ ಬಿಳಿ ಅಂಗಿಗೆ ಸೋಪು ಹಚ್ಚಿದ ಕೂಡಲೇ ಅರಿಸಿನದ ಕಲೆ ಕೆಂಪಾಗುತ್ತದೆ. ಅದು ಸೋಪಿನ ಕ್ಷಾರದ ಕೆಲಸ. ಎಷ್ಟು ತಿಕ್ಕಿದರೂ ಹೋಗದ ಆ ಕಲೆ ಬಿಸಿಲಲ್ಲಿ ಒಣಹಾಕಿದರೆ ಸಂಜೆಗೆ ಮಾಯ. ಅರಿಸಿನದ ಬಣ್ಣದ ಕಣವನ್ನು ಬೆಳಕು ಮುರಿದುಹಾಕುತ್ತದೆ. ನಿಮ್ಮ ನೀಲಿ ಕುರ್ತಾದ ಬಣ್ಣ ಅರಿಸಿನಕ್ಕಿಂತ ಗಟ್ಟಿ, ಹಾಗಾಗಿ ಒಂದು ದಿನದ ಬದಲು ಒಂದು ವರ್ಷ ಹಿಡಿಯುತ್ತದೆ, ಅಷ್ಟೇ. ಬೆಳಕಿಗೆ ಹೋಗುವ ಬದಲು ಕಪ್ಪಾಗುವ ಬಣ್ಣವೂ ನಮ್ಮೂರಲ್ಲೇ ತಯಾರಾಗುತ್ತದೆ. 1937ರಲ್ಲಿ ಶುರುವಾದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯ ಮತದಾನದ ಶಾಯಿ ಅದು. ಅದರಲ್ಲಿರುವ ಸಿಲ್ವರ್ ನೈಟ್ರೇಟ್‌ಗೆ ಬೆಳಕು ತಾಗಿದಷ್ಟೂ ಗಾಢ. ಬಟ್ಟೆಯ ಬಣ್ಣಕ್ಕೆ ಆ ಭಾಗ್ಯವಿಲ್ಲ. ಒಳಮಗ್ಗುಲು ತಿರುಗಿಸಿ, ನೆರಳಲ್ಲಿ, ಗಾಳಿಗೆ ಒಣಗಿಸಿ. ಬಾಲ್ಕನಿಯ ತಂತಿ ಪಶ್ಚಿಮಕ್ಕಿದ್ದರೆ ಮಧ್ಯಾಹ್ನದೊಳಗೆ ಬಟ್ಟೆ ಎತ್ತಿಬಿಡಿ.

ತಣ್ಣೀರಿನಲ್ಲಿ ಒಗೆಯಿರಿ. ಮಷೀನಿನಲ್ಲಿ 30 ಡಿಗ್ರಿ ಮೀರಬೇಡಿ. ಪುಡಿಗಿಂತ ದ್ರವ ಡಿಟರ್ಜೆಂಟ್ ಮೇಲು. ಅದರಲ್ಲೂ ಬಣ್ಣದ ಬಟ್ಟೆಗೆಂದೇ ಬರುವುದು. ಬಿಳುಪಿಗೆಂದು ಪುಡಿಗಳಲ್ಲಿ ಸೇರಿಸುವ ಹೊಳಪುಕಾರಕಗಳು ನೀಲಿ ಬೆಳಕು ಚೆಲ್ಲಿ ಬಿಳಿ ಅಂಗಿಯನ್ನು ಚಂದ ಮಾಡುತ್ತವೆ, ತಿಳಿ ಮತ್ತು ಮಣ್ಣಿನ ಬಣ್ಣಗಳ ಛಾಯೆ ಕೆಡಿಸುತ್ತವೆ. ಇಸ್ತ್ರಿ ಒಳಗಿನಿಂದ ಹಾಕಿ. ಕಪ್ಪು ಪ್ಯಾಂಟಿನ ಮಂಡಿ ಮಿರಮಿರ ಮಿಂಚುವುದು ಹೊರಗಿನಿಂದ ಒತ್ತಿದ್ದರಿಂದ.

ಹೊಸ ಬಟ್ಟೆಯನ್ನು ಉಪ್ಪಿನ ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎನ್ನುವುದು ನಮ್ಮಮ್ಮನೂ ಬಿಡದ ನಂಬಿಕೆ. ಬಣ್ಣದ ತೊಟ್ಟಿಯಲ್ಲಿ ಉಪ್ಪು ಬಣ್ಣವನ್ನು ನೂಲಿನ ಕಡೆ ತಳ್ಳುತ್ತದೆ, ಅದು ನಿಜ. ಅಂಗಡಿಯಿಂದ ಬಂದ ಮೇಲೆ ಬಕೆಟ್ಟಿಗೆ ಒಂದು ಹಿಡಿ ಹಾಕಿದರೆ ಏನೂ ಬೆಸೆಯುವುದಿಲ್ಲ. ಹತ್ತಿಗೆ ವಿನೆಗರ್ ಕೂಡ ಅಷ್ಟೇ. ಪೊರೆ ತೆಗೆಯುತ್ತದೆ, ಬಣ್ಣ ಹಿಡಿಸುವುದಿಲ್ಲ. ಒದ್ದೆ ಮೂಲೆಯನ್ನು ಬಿಳಿ ಕರವಸ್ತ್ರದಲ್ಲಿ ಒತ್ತಿ ನೋಡಿ. ಬಣ್ಣ ಹತ್ತಿದರೆ ಮೂರು ನಾಲ್ಕು ಒಗೆತ ಬೇರೆಯಾಗಿಯೇ ಒಗೆಯಿರಿ. ಒಂದು ವೇಳೆ ಬಿಳಿ ಬಟ್ಟೆಗೆ ಬಣ್ಣ ಹತ್ತಿಯೇಬಿಟ್ಟರೆ ಒಣಗಲು ಬಿಡಬೇಡಿ, ಇಸ್ತ್ರಿಯಂತೂ ಬೇಡವೇ ಬೇಡ. ಒದ್ದೆಯಿರುವಾಗಲೇ ಆಕ್ಸಿಜನ್ ಬ್ಲೀಚ್ (ಕ್ಲೋರಿನ್ ಇಲ್ಲದ ಬ್ಲೀಚ್) ಹಾಕಿದ ಬೆಚ್ಚಗಿನ ನೀರಿನಲ್ಲಿ ನೆನೆಸಿ. ರೇಷ್ಮೆ, ಉಣ್ಣೆಗೆ ಮಾತ್ರ ಇದು ಸಲ್ಲದು.

ರೇಷ್ಮೆಗೆ ಬೇರೆಯೇ ನಿಯಮ

ರೇಷ್ಮೆ ಕೂದಲಿನಂತೆ ಪ್ರೋಟೀನು. ಮೇಲೆ ಹೇಳಿದ ಸೋಡಾ ಅದಕ್ಕೆ ಶತ್ರು. ನೂಲೂ ಸವೆಯುತ್ತದೆ, ಬಣ್ಣವೂ ಬಿಡುತ್ತದೆ. ಮಾಮೂಲಿ ಡಿಟರ್ಜೆಂಟ್ ಪುಡಿಯೂ ಕ್ಷಾರವೇ. ಜರಿಯಿಲ್ಲದ ರೇಷ್ಮೆಗೆ ಅಂಟುವಾಳ ಕಾಯಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಏಳೆಂಟು ಕಾಯಿಯ ಬೀಜ ತೆಗೆದು ಒಂದು ಲೀಟರ್ ಬೆಚ್ಚಗಿನ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಕಿವುಚಿ ಸೋಸಿ ಅರ್ಧ ಬಕೆಟ್ ತಣ್ಣೀರಿಗೆ ಬೆರೆಸಿ. ಸೀರೆಯನ್ನು ಅದರಲ್ಲಿ ಐದು ನಿಮಿಷ ಅದ್ದಿ ಎತ್ತಿ, ತಿಕ್ಕದೆ, ಹಿಂಡದೆ ಜಾಲಿಸಿ. ಕೊನೆಯ ನೀರಿಗೆ ಒಂದು ಚಮಚ ವಿನೆಗರ್ ಹಾಕಿದರೆ ಮೆರುಗು ಮರಳುತ್ತದೆ. ಟವೆಲ್ಲಿನಲ್ಲಿ ಸುತ್ತಿ ನೀರು ಹೀರಿಸಿ ನೆರಳಲ್ಲಿ ಹರಡಿ. ಅಂಟುವಾಳದ ರಸ ಕಂದು ಬಣ್ಣದ್ದು, ಹಾಲುಬಿಳುಪು ಸೀರೆಗೆ ಛಾಯೆ ಹಿಡಿಯಬಹುದು. ಅಂಥದ್ದಕ್ಕೆ ಬೇಡ.

ಜರಿಯಿರುವ ಮೈಸೂರು ರೇಷ್ಮೆ ಸೀರೆಯನ್ನು ಡ್ರೈವಾಶ್‌ಗೇ ಕೊಡಿ, ಮನೆಯಲ್ಲಿ ಪ್ರಯೋಗ ಬೇಡ. ವಿನೆಗರ್ ಜರಿಗೆ ಸೋಕಲೇಬಾರದು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಇಲ್ಲಿನ ನೇಯ್ಗೆ ಕಾರ್ಖಾನೆಯ ಸೀರೆಗಳಲ್ಲಿ ಜರಿ ಅಂದರೆ ನಿಜವಾದ ಬೆಳ್ಳಿ, ಮೇಲೆ ಚಿನ್ನದ ಲೇಪ. ಸೀರೆ ಮಂಕಾಯಿತು ಎಂದು ಕೊರಗುವವರು ಮತ್ತೆ ಪತ್ತೆಯಿಂದಲೇ ಶುರು ಮಾಡಬೇಕು. ಎಷ್ಟೋ ಸಲ ಮೈಯ ಬಣ್ಣ ಹಾಗೇ ಇರುತ್ತದೆ, ಬೆಳ್ಳಿ ಕಪ್ಪಾಗಿ ಅಂಚು ಕಳೆಗೆಟ್ಟಿರುತ್ತದೆ. ಬೆವರು, ಸೆಂಟು, ಕಟ್ಟಿಟ್ಟ ರಬ್ಬರ್ ಬ್ಯಾಂಡು, ಇವೆಲ್ಲ ಬೆಳ್ಳಿಗೆ ಆಗದವು. ಉಟ್ಟು ಬಂದ ದಿನ ಮಡಿಚಿಡಬೇಡಿ, ರಾತ್ರಿಯಿಡೀ ಫ್ಯಾನಿನಡಿ ಹರಡಿ ಬೆವರು ಆರಿಸಿ.

ಪ್ಲಾಸ್ಟಿಕ್ ಕವರ್ ತೆಗೆದು ಹಾಕಿ, ಒಗೆದು ಮೆತ್ತಗಾದ ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿ. ಬೀರುವಿನ ಗಾಜಿನ ಬಾಗಿಲಿನ ಕಡೆ ಇಡಬೇಡಿ, ಮಡಿಕೆಯ ಹೊರಗೆರೆ ಮಾತ್ರ ಬಿಳುಚಿಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ನಮ್ಮ ಮನೆಯಲ್ಲಿ ಯುಗಾದಿಗೆ, ಆಷಾಢ ಕಳೆದ ಮೇಲೆ, ದಸರೆಗೆ ಮತ್ತು ಸಂಕ್ರಾಂತಿಗೆ ಎಂದು ಲೆಕ್ಕ. ನುಸಿಗುಳಿಗೆ ಹಾಕಲೇಬೇಕೆಂದಿದ್ದರೆ ಬಟ್ಟೆಯಲ್ಲಿ ಗಂಟು ಕಟ್ಟಿ ಬೀರುವಿನ ಮೂಲೆಯಲ್ಲಿ ತೂಗುಹಾಕಿ, ಸೀರೆಯ ಮಡಿಕೆಯೊಳಗೆ ಬೇಡ.